ಮೊಟ್ಟೆಯಕ್ಕನಿಗೆ ಥ್ರಾಟಲ್ ಬೇಕಾಯಿತು

ಮೊಟ್ಟೆಯಕ್ಕನ ಕಾಲುಗಳಿಗೆ ದಣಿವು ಅಂದರೇನು ಅಂತಲೇ ಗೊತ್ತಿಲ್ಲ ಎಂದು ಊರೆಲ್ಲ ನಂಬಿತ್ತು. ನಂಬದೆ ಏನು ಮಾಡುತ್ತಾರೆ? ಬೆಳಗಾದರೆ ಸಾಕು, ಕ್ಯಾರಿಯರಿನ ಮೇಲೆ ಮೊಟ್ಟೆಯ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ, ಹಳೆಯ ಟ್ಯೂಬಿನ ಪಟ್ಟಿಗಳಿಂದ ಬಿಗಿದು, ದಿಬ್ಬದ ಬೀದಿಯನ್ನು ಸೀಟಿನ ಮೇಲೆ ಕೂತೇ ಹತ್ತುತ್ತಿದ್ದಳು. ಅದೇ ಏರಿನಲ್ಲಿ ಮೀಸೆ ಚಿಗುರಿದ ತರುಣರು ಸೈಕಲ್ಲಿನಿಂದ ಇಳಿದು ಏದುಸಿರು ಬಿಡುತ್ತಾ ತಳ್ಳಿಕೊಂಡು ಹೋಗುತ್ತಿದ್ದರು. ಅವರನ್ನು ದಾಟುವಾಗ ಇವಳು ಬೇಕೆಂದೇ ಗಂಟೆ ಬಾರಿಸುತ್ತಿದ್ದಳು. ಜಂಬ ಇತ್ತು ಅವಳಿಗೆ. ಇರಲಿ ಬಿಡಿ, ಕಾಲು ಅವಳದು, ಗಂಟೆಯೂ ಅವಳದು.

ಮದುವೆಯಾಗಿ ಬಂದ ಹೊಸತರಲ್ಲಿ ದರ್ಜಿ ಗಂಡನ ಅಂಗಡಿಯಲ್ಲಿ ಅಂಗಿಗಳಿಗೆ ಗುಂಡಿ ಹಾಕುವ ಕೆಲಸ ಮಾಡಿದ್ದಳು. ಒಂದು ಕಡೆ ಕೂತಿರುವುದು ಅವಳ ಜಾಯಮಾನವಲ್ಲ. ಒಂದು ಗುಂಡಿ ಹಾಕಿ ಎದ್ದು ಬಾಗಿಲಿಗೆ ಹೋಗಿ ಬೀದಿ ನೋಡುತ್ತಿದ್ದಳು, ಬಂದು ಇನ್ನೊಂದು ಗುಂಡಿಯನ್ನು ಕಾಜಕ್ಕೆ ಹೊಂದದ ಕಡೆ ಹಾಕುತ್ತಿದ್ದಳು. ಕೊನೆಗೆ ಗಂಡನೇ ಕೈಮುಗಿದ. "ನೀನು ಕೂತಿರೋದು ನೋಡಿ ನನಗೆ ಕಾಲು ಜೋಮು ಹಿಡಿಯುತ್ತೆ. ಹೊರಗೆ ತಿರುಗೋ ಕೆಲಸ ಏನಾದ್ರೂ ನೋಡ್ಕೋ" ಎಂದ. ಅವಳಿಗೂ ಅದೇ ಬೇಕಿತ್ತು. ಕೋಳಿ ಸಾಕುವವರ ಹತ್ತಿರ ಮೊಟ್ಟೆ ತಂದು ಮನೆಮನೆಗೆ, ಅಂಗಡಿ ಅಂಗಡಿಗೆ ಹಾಕುವ ಕೆಲಸ ಹಿಡಿದಳು. ವರ್ಷ ಕಳೆಯುವಷ್ಟರಲ್ಲಿ ಅವಳ ಹೆಸರೇ ಜನರಿಗೆ ಮರೆತುಹೋಗಿ ಮೊಟ್ಟೆಯಕ್ಕ ಎಂಬುದೇ ಗಟ್ಟಿಯಾಯಿತು. ಸ್ವಂತ ಗಂಡನೇ ಒಮ್ಮೊಮ್ಮೆ ಬಾಯಿತಪ್ಪಿ ಹಾಗೆ ಕರೆದು ನಾಲಿಗೆ ಕಚ್ಚಿಕೊಳ್ಳುತ್ತಿದ್ದ.

ಅವಳು ಎಡಚಿ. ಮೊಟ್ಟೆ ಮುಟ್ಟುವ ಕೈ ಎಡಗೈ. ನಯ, ನಾಜೂಕು, ಲೆಕ್ಕಾಚಾರ ಎಲ್ಲ ಅದಕ್ಕೇ ಬಿಟ್ಟಿದ್ದು. ಬಲಗೈ ಬರೀ ಹಿಡಿದುಕೊಳ್ಳುವುದಕ್ಕೆ. ಲೋಕವೆಲ್ಲ ಸೈಕಲ್ಲಿನ ಎಡಗಡೆ ನಿಂತು ತಳ್ಳಿದರೆ ಇವಳು ಬಲಗಡೆ ನಿಲ್ಲುತ್ತಿದ್ದಳು. ಬಲಗೈಯಲ್ಲಿ ಹ್ಯಾಂಡಲ್ ಹಿಡಿದು, ಎಡಗೈಯನ್ನು ಹಿಂದಕ್ಕೆ ಚಾಚಿ ಟ್ರೇಗಳ ಮೇಲೆ ಇಟ್ಟುಕೊಂಡೇ ನಡೆಯುತ್ತಿದ್ದಳು. ಟ್ರೇ ಸ್ವಲ್ಪ ಸಡಿಲವಾದರೂ ಮೊಟ್ಟೆಗಳು ಟಿಕ್ ಎನ್ನುತ್ತವೆ. ಆ ಸದ್ದು ಕಿವಿಗೆ ಬಿದ್ದರೆ ಎಡಗೈ ಟ್ರೇಯನ್ನು ಒತ್ತುತ್ತಿತ್ತು, ಬಲಗೈ ಹ್ಯಾಂಡಲನ್ನು ಬಿಗಿಯುತ್ತಿತ್ತು. ಅದಕ್ಕೆ ಅವಳು ಯೋಚನೆ ಮಾಡಬೇಕಾಗಿರಲಿಲ್ಲ, ಕೈಗಳೇ ಮಾಡಿಕೊಳ್ಳುತ್ತಿದ್ದವು.

ದಿಬ್ಬದ ತುದಿಯಲ್ಲಿ ಒಂದು ಬೇಕರಿ. ಅದನ್ನು ನಡೆಸುವವಳು ಮೊಟ್ಟೆಯಕ್ಕನ ಮೊಟ್ಟಮೊದಲ ಗಿರಾಕಿ, ಹಳೆಯ ಗೆಳತಿ. ಇಬ್ಬರೂ ಒಂದೇ ವರ್ಷ ಕೆಲಸ ಶುರುಮಾಡಿದವರು. ಬೆಳಗಿನ ಮೊದಲ ಒಲೆಗೆ ಕೇಕಿನ ಹಿಟ್ಟು ಕಲಸುವ ಹೊತ್ತಿಗೆ ಮೊಟ್ಟೆಯಕ್ಕ ಬಾಗಿಲಲ್ಲಿ ಇರಬೇಕು. ಇರುತ್ತಿದ್ದಳು ಕೂಡ. ಆದರೆ ಈಚೆಗೆ ಕೆಲವು ತಿಂಗಳಿಂದ ತಡವಾಗುತ್ತಿತ್ತು. ಒಲೆ ಕಾದು ಕೂತಿರುತ್ತಿತ್ತು, ಬೇಕರಿಯವಳು ಹಿಟ್ಟಿನ ಕೈಯಲ್ಲಿ ಬಾಗಿಲಿಗೂ ಒಲೆಗೂ ಓಡಾಡುತ್ತಿದ್ದಳು. ಅದೇ ಸಮಯಕ್ಕೆ ಸರಿಯಾಗಿ ವ್ಯಾನಿನಲ್ಲಿ ಮೊಟ್ಟೆ ಹಾಕುವವನೊಬ್ಬ ಬಂದು, "ನಾನು ಹೇಳಿದ ಹೊತ್ತಿಗೆ ತಂದು ಇಳಿಸ್ತೀನಿ ಅಮ್ಮಾ" ಎಂದು ನಗುತ್ತಾ ಹೋಗಿದ್ದ.

ತಡಕ್ಕೆ ಕಾರಣ ಮೊಟ್ಟೆಯಕ್ಕನಿಗೆ ಮಾತ್ರ ಗೊತ್ತಿತ್ತು. ಅವಳ ಬಲ ಮಂಡಿ ಕೈಕೊಟ್ಟಿತ್ತು. ವಿಚಿತ್ರವೆಂದರೆ ಓಡುತ್ತಿರುವ ಸೈಕಲ್ಲನ್ನು ತುಳಿಯುವುದಕ್ಕೆ ಅದರ ತಕರಾರಿಲ್ಲ. ನಿಂತ ಸೈಕಲ್ಲನ್ನು ಹೊರಡಿಸುವ ಮೊದಲ ತುಳಿತವಿದೆಯಲ್ಲ, ಅದಕ್ಕೆ ಮಾತ್ರ ಜಪ್ಪಯ್ಯ ಎಂದರೂ ಒಪ್ಪುತ್ತಿರಲಿಲ್ಲ. ಒಳಗೆ ಯಾರೋ ಸೂಜಿ ಹಾಕಿ ತಿರುವಿದಂತಾಗುತ್ತಿತ್ತು. ಎಡಗಾಲಿನಲ್ಲಿ ಹೊರಡೋಣವೆಂದರೆ, ಭಾರವೆಲ್ಲ ಹೊತ್ತು ನೆಲಕ್ಕೆ ಊರಿ ನಿಲ್ಲಬೇಕಾದ್ದು ಅದೇ ಬಲಗಾಲು. ಗಂಡನಿಗೂ ಹೇಳಿರಲಿಲ್ಲ. ಗಂಟೆ ಬಾರಿಸಿಕೊಂಡು ತರುಣರನ್ನು ದಾಟಿದವಳು ಹೋಗಿ ಹೋಗಿ ಯಾರ ಹತ್ತಿರ ಹೇಳಿಕೊಳ್ಳುತ್ತಾಳೆ?

ಅವಳ ತಮ್ಮ ಸೈಕಲ್ ರಿಪೇರಿಯವನು. ಸಣ್ಣ ಅಂಗಡಿ, ಗೋಡೆಯ ತುಂಬ ನೇತಾಡುವ ಟ್ಯೂಬುಗಳು, ಪಂಕ್ಚರ್ ಹುಡುಕುವ ನೀರಿನ ತೊಟ್ಟಿ, ಎಲ್ಲದರ ಮೇಲೂ ಒಂದು ಪದರ ಗ್ರೀಸು. ಒಂದೆರಡು ವರ್ಷದಿಂದ ಸಾದಾ ಸೈಕಲ್ಲುಗಳಿಗೆ ಮೋಟರ್, ಬ್ಯಾಟರಿ ಕೂರಿಸಿಕೊಡುವುದನ್ನೂ ಕಲಿತಿದ್ದ. ಕೈ ಒಳ್ಳೆಯದು, ಬಾಯಿ ಜೋರು. ಅಂಗಡಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ದಪ್ಪಗೆ "ಥ್ರಾಟಲ್ ಕೇಳಬೇಡಿ" ಎಂದು ಬರೆದಿಟ್ಟಿದ್ದ. ಅಕ್ಕ ತಡವಾಗಿ ಹೋಗುತ್ತಿರುವುದು ಅವನ ಕಿವಿಗೂ ಬಿದ್ದಿತ್ತು. "ನಿನ್ನ ಸೈಕಲ್ ಇಲ್ಲಿ ಬಿಟ್ಟುಹೋಗು. ಮೋಟರ್ ಕೂರಿಸಿ ಕೊಡ್ತೀನಿ, ದಿಬ್ಬ ಹತ್ತಿದ್ದೇ ಗೊತ್ತಾಗಲ್ಲ" ಎಂದ.

ಮೊಟ್ಟೆಯಕ್ಕ ಹಿಗ್ಗಿ ಹೀರೇಕಾಯಿಯಾದಳು. ಮಾರನೆಯ ದಿನ ಅಂಗಡಿಗೆ ಹೋದಾಗ ಅವಳ ಹಳೆಯ ಸೈಕಲ್ ಮದುಮಗನ ಹಾಗೆ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಹಿಂದಿನ ಚಕ್ರದಲ್ಲಿ ದಪ್ಪ ಮೋಟರು, ಚೌಕಟ್ಟಿನಲ್ಲಿ ಕಪ್ಪು ಬ್ಯಾಟರಿ, ಹ್ಯಾಂಡಲ್ಲಿನ ನಡುವೆ ಬ್ಯಾಟರಿಯ ಲೆಕ್ಕ ತೋರಿಸುವ ಪುಟ್ಟದೊಂದು ಪರದೆ. ಅವಳು ಅದರ ಸುತ್ತ ಎರಡು ಸುತ್ತು ಹಾಕಿ, ಬಲು ಉದಾಸೀನದ ದನಿಯಲ್ಲಿ ಕೇಳಿದಳು. "ಅದೇನೋ ಥ್ರಾಟಲ್ ಅಂತಾರಲ್ಲ, ಅದು ಇರಲ್ವಾ ಇದಕ್ಕೆ?"

ತುಳಿಯದೆಯೇ, ಸ್ಕೂಟರಿನ ಹಾಗೆ ಹಿಡಿ ತಿರುಪಿದರೆ ಗಾಡಿ ಓಡುವ ಏರ್ಪಾಡಿಗೆ ಥ್ರಾಟಲ್ ಎನ್ನುತ್ತಾರೆ. ಆ ಮಾತು ಕೇಳಿದ್ದೇ ತಮ್ಮನ ಮೈಮೇಲೆ ಬಂದಂತಾಯಿತು. ಸ್ಪ್ಯಾನರ್ ಕೆಳಗಿಟ್ಟ.

"ನೀನೂ ಅದನ್ನೇ ಕೇಳ್ತೀಯಾ ಅಕ್ಕ? ಗೋಡೆ ನೋಡಿದ್ಯೋ ಇಲ್ವೋ? ಇದು ತುಳಿದ್ರೆ ಓಡೋ ಗಾಡಿ. ನೀನು ತುಳೀತೀಯ, ಮೋಟರ್ ಜೊತೆಗೆ ತುಳಿಯುತ್ತೆ. ಅದು ಚೆಂದ. ಥ್ರಾಟಲ್ ಇಟ್ಟೆ ಅಂದ್ರೆ ಎರಡು ದಿನದಲ್ಲಿ ಕಾಲು ತುಳಿಯೋದನ್ನೇ ಮರೆಯುತ್ತೆ. ಬ್ಯಾಟರಿ ನೀರಿನ ಹಾಗೆ ಖರ್ಚು. ಅರ್ಧ ದಾರೀಲಿ ಅದು ಖಾಲಿಯಾಯ್ತು ಅನ್ನು, ಮೋಟರ್ ಭಾರ, ಬ್ಯಾಟರಿ ಭಾರ, ಮೊಟ್ಟೆ ಭಾರ, ಎಲ್ಲಾ ನಿನ್ನ ತಲೆಗೇ. ತುಳಿಯೋದೇ ಬೇಡ ಅನ್ನೋರು ಸ್ಕೂಟರ್ ತಗೊಳ್ಳಲಿ. ಸೈಕಲ್ಲಿನ ಮರ್ಯಾದೆ ಯಾಕೆ ತೆಗೀಬೇಕು?"

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. "ನನಗ್ಯಾಕೋ ಥ್ರಾಟಲ್? ಸುಮ್ನೆ ಕೇಳ್ದೆ" ಎಂದು ಮೊಟ್ಟೆಯಕ್ಕ ಮಾತು ಮುಗಿಸಿದಳು.

ಮೊದಲ ದಿನ ಸವಾರಿಯೋ ಸವಾರಿ. ಮನೆಯ ಮುಂದಿನ ಬೀದಿ ಇಳಿಜಾರು, ಹೊರಡುವುದು ಕಷ್ಟವಾಗಲಿಲ್ಲ. ಪೆಡಲ್ ಸುತ್ತಿತೋ ಇಲ್ಲವೋ ಹಿಂದಿನಿಂದ ಯಾರೋ ಬೆನ್ನಿಗೆ ಕೈಯಿಟ್ಟು ನೂಕಿದ ಹಾಗಾಯಿತು. "ಅಯ್ಯಯ್ಯಯ್ಯೋ!" ಎಂದು ಕಿರುಚಿ, ಬೀದಿಯವರು ತಿರುಗಿ ನೋಡಿದಾಗ ನಕ್ಕಳು. ಎದುರುಗಾಳಿ ಇದ್ದರೂ ಇಲ್ಲದ ಹಾಗೆ. ಸೇತುವೆಯ ಉಬ್ಬು ಬಂದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ. ದಿಬ್ಬದ ಬೀದಿಗೆ ತಿರುಗಿದರೆ, ತಿಂಗಳುಗಟ್ಟಲೆ ಹಲ್ಲುಕಚ್ಚಿ ಹತ್ತಿದ ಅದೇ ಏರು ಮೆತ್ತಗಾಗಿಹೋಗಿತ್ತು. ಸೈಕಲ್ ತಳ್ಳುತ್ತಿದ್ದ ಒಬ್ಬನನ್ನು ದಾಟುವಾಗ ಗಂಟೆ ಬಾರಿಸಿದಳು. ಎಷ್ಟು ದಿನವಾಗಿತ್ತು ಆ ಗಂಟೆ ಬಾರಿಸಿ!

ಆಮೇಲೆ ಕಾರ್ಖಾನೆಯ ಗೇಟು ಬಂತು.

ಆ ಗೇಟು ಇರುವುದು ಏರಿನ ನಟ್ಟನಡುವೆ, ಅತಿ ಕಡಿದಾದ ಜಾಗದಲ್ಲಿ. ಬೆಳಗ್ಗೆ ಲಾರಿಗಳು ಹೊರಗೆ ಬರುವ ಹೊತ್ತು. ಕಾವಲುಗಾರ ಕೆಂಪು ಬಾವುಟ ಅಡ್ಡ ಹಿಡಿದರೆ ಎಂಥವರೂ ನಿಲ್ಲಲೇಬೇಕು. ಮೊಟ್ಟೆಯಕ್ಕ ನಿಂತಳು. ಎಡಗೈ ತಾನಾಗಿಯೇ ಹಿಂದೆ ಹೋಗಿ ಟ್ರೇ ಹಿಡಿಯಿತು. ಲಾರಿ ಹೋಯಿತು, ಬಾವುಟ ಇಳಿಯಿತು. ಹೊರಡಬೇಕು. ಮೋಟರಿಗೆ ಎಚ್ಚರವಾಗುವುದು ಪೆಡಲ್ ಅರ್ಧ ಸುತ್ತು ತಿರುಗಿದ ಮೇಲೆ. ಆ ಅರ್ಧ ಸುತ್ತು ಮಾತ್ರ ಸವಾರರದೇ. ಬಲಗಾಲಿನಿಂದ ಒತ್ತಿದಳು. ಮಂಡಿಯೊಳಗೆ ಸೂಜಿ ತಿರುಗಿತು, ಕಣ್ಣಲ್ಲಿ ನೀರು ಬಂತು, ಸೈಕಲ್ ಹಿಂದಕ್ಕೆ ಜಾರಿತು, ಮೊಟ್ಟೆಗಳು ಟಿಕ್ ಎಂದವು. ಇನ್ನೊಮ್ಮೆ ಒತ್ತಿದಾಗಲೂ ಹಾಗೇ ಆಯಿತು. ಇಳಿದು ತಳ್ಳಿಕೊಂಡು ಹೋದಳು. ಮೋಟರು, ಬ್ಯಾಟರಿ ಸೇರಿ ಸೈಕಲ್ ಮೊದಲಿಗಿಂತ ಭಾರವಾಗಿತ್ತು. ಈಗಷ್ಟೇ ಇವಳು ಗಂಟೆ ಬಾರಿಸಿ ದಾಟಿ ಬಂದಿದ್ದ ಆ ಸೈಕಲ್ಲಿನವನು ಪಕ್ಕದಲ್ಲೇ ಮುಂದೆ ಹೋದ, ಪುಣ್ಯಾತ್ಮ ಏನೂ ಅನ್ನಲಿಲ್ಲ.

ಬೇಕರಿಯವಳು ಬಾಗಿಲಲ್ಲೇ ನಿಂತಿದ್ದಳು. "ಹೊಸ ಗಾಡಿ ಬಂದ್ಮೇಲೂ ತಡಾನೇನೇ?" ಎಂದು ಟ್ರೇ ಇಳಿಸಿಕೊಂಡಳು. ಆಮೇಲೆ ಮುಖ ನೋಡದೆ ಹೇಳಿದಳು. "ಈ ತಿಂಗಳು ನೋಡ್ತೀನಿ. ಒಲೆಗೆ ಮೊದಲು ನೀನು ಬಂದ್ರೆ ನನಗೆ ಬೇರೆ ಯಾರೂ ಬೇಡ. ಆಗಲಿಲ್ಲ ಅಂದ್ರೆ ವ್ಯಾನಿನವನಿಗೆ ಹೂಂ ಅನ್ನಬೇಕಾಗುತ್ತೆ. ಬೇಜಾರು ಮಾಡ್ಕೋಬೇಡ."

ಬೇಜಾರಲ್ಲ, ಭಯವಾಯಿತು ಅವಳಿಗೆ. ಬೇಕರಿ ಹೋದರೆ ದಿಬ್ಬ ಹೋಯಿತು. ದಿಬ್ಬ ಹೋದರೆ ಉಳಿಯುವುದು ಕೆಳಗಿನ ನಾಲ್ಕು ಬೀದಿ. ಆಮೇಲೆ ಅದೂ ಹೋಗಿ, ಅಂಗಡಿಯಲ್ಲಿ ಕೂತು ಗುಂಡಿ ಹಾಕುವುದು. ಆ ಸ್ಟೂಲು, ಆ ಗುಂಡಿಗಳ ಡಬ್ಬಿ ಕಣ್ಣಮುಂದೆ ಬಂದವು. ಮನೆಗೆ ಹೋಗದೆ ನೇರ ತಮ್ಮನ ಅಂಗಡಿಗೆ ಬಂದಳು.

"ನನಗೆ ಥ್ರಾಟಲ್ ಬೇಕು."

"ಯಾಕೆ?"

"ಸೋಮಾರಿತನ" ಎಂದಳು ಮೊಟ್ಟೆಯಕ್ಕ. "ತುಳಿದೂ ತುಳಿದೂ ಬೇಜಾರಾಗಿದೆ. ಕೂತ್ಕೊಂಡು ಆರಾಮಾಗಿ ಹೋಗ್ಬೇಕು ಅನ್ನಿಸಿದೆ. ಏನೀಗ?"

ಮಂಡಿ ಹೋಗಿದೆ ಎನ್ನುವುದಕ್ಕಿಂತ ಮೈಗಳ್ಳಿ ಅನ್ನಿಸಿಕೊಳ್ಳುವುದೇ ವಾಸಿ ಎಂದು ಅವಳು ದಾರಿಯುದ್ದಕ್ಕೂ ತೀರ್ಮಾನ ಮಾಡಿಕೊಂಡು ಬಂದಿದ್ದಳು. ತಮ್ಮ ಅವಳನ್ನೇ ನೋಡಿದ. ಜೀವಮಾನದಲ್ಲಿ ಅಕ್ಕನ ಬಾಯಿಂದ ಬರದ ಮಾತು ಅದು. ಗೋಡೆಯ ಬರಹ ತೋರಿಸಿದ, ಬೈದ, ಬೇಡಿಕೊಂಡ. ಅವಳು ಪಟ್ಟು ಬಿಡಲಿಲ್ಲ. ಕೊನೆಗೆ ಮುಖ ಊದಿಸಿಕೊಂಡು ಬಲಗಡೆಯ ಹಿಡಿ ಕಿತ್ತು, ಅಲ್ಲಿ ತಿರುಪುವ ಥ್ರಾಟಲ್ ಕೂರಿಸಿದ. "ತಳ್ಳಿಕೊಂಡು ಹೋಗುವಾಗ ಸ್ವಿಚ್ ಆರಿಸು, ಮರೀಬೇಡ" ಎಂದು ಎಚ್ಚರಿಕೆಯನ್ನೂ ಕೊಟ್ಟ.

ಅಂದು ಸಂಜೆ ಮೊಟ್ಟೆಯಕ್ಕ ಮನೆಯ ಮುಂದೆ ಸುತ್ತು ಹೊಡೆದದ್ದೇ ಹೊಡೆದದ್ದು. ನಿಂತಲ್ಲಿಂದ ಮಣಿಕಟ್ಟು ಸ್ವಲ್ಪ ಹೊರಳಿಸಿದರೆ ಸೈಕಲ್ ತಾನಾಗಿ ಹೊರಡುತ್ತಿತ್ತು, ಕಾಲು ಸುಮ್ಮನೆ ಮೇಲೆ ಇಟ್ಟುಕೊಂಡರಾಯಿತು. ಮಂಡಿ ತುಟಿ ಪಿಟಕ್ಕೆನ್ನಲಿಲ್ಲ! ನಿಲ್ಲಿಸಿದಳು, ಹೊರಟಳು, ಮತ್ತೆ ನಿಲ್ಲಿಸಿದಳು, ಮತ್ತೆ ಹೊರಟಳು. ಗಂಡ ಕೊರಳಲ್ಲಿ ಅಳತೆ ಪಟ್ಟಿ ಹಾಕಿಕೊಂಡೇ ಬಾಗಿಲಿಗೆ ಬಂದು, "ಬಿದ್ದೀಯ, ನಿಧಾನ!" ಎಂದು ಕೂಗಿದ. "ಬನ್ರೀ, ಹಿಂದೆ ಕೂತ್ಕೊಳ್ಳಿ, ಒಂದು ಸುತ್ತು ಹಾಕಿಸ್ತೀನಿ!" ಎಂದು ಇವಳು ಕೂಗಿದಳು. ಅವನು ಬಾಗಿಲು ಹಾಕಿಕೊಂಡ.

ಸಂತೋಷ ತಲೆಗೇರಿದವರಿಗೆ ಸ್ವಿಚ್ ನೆನಪಿರುವುದುಂಟೆ? ಮರುದಿನ ಬೆಳಗ್ಗೆ ಅಂಗಳದಲ್ಲೇ ಟ್ರೇ ಪೇರಿಸಿ, ಪಟ್ಟಿ ಬಿಗಿದು, ಸ್ವಿಚ್ ಹಾಕಿ ಪರದೆ ಬೆಳಗಿಸಿ ನೋಡಿ ಖುಷಿಪಟ್ಟು, ಸೈಕಲ್ಲಿನ ಬಲಗಡೆ ನಿಂತು ತಳ್ಳುತ್ತಾ ಹೊರಟಳು. ಅಂಗಳದ ಬಾಗಿಲಲ್ಲಿ ಒಂದು ಸಣ್ಣ ಮೆಟ್ಟಿಲು. ಮುಂದಿನ ಚಕ್ರ ಅದನ್ನು ಇಳಿಯಿತು, ಟ್ರೇಗಳು ಟಿಕ್ ಎಂದವು. ಎಡಗೈ ಒತ್ತಿತು, ಬಲಗೈ ಬಿಗಿಯಿತು. ವರ್ಷಗಳಿಂದ ಹಾಗೇ ಬಿಗಿಯುತ್ತಿದ್ದ ಕೈ. ಆದರೆ ಈಗ ಆ ಮುಷ್ಟಿಯೊಳಗೆ ಥ್ರಾಟಲ್ ಇತ್ತು.

ಸೈಕಲ್ ನೆಗೆಯಿತು. ಅದು ನೆಗೆದಷ್ಟೂ ಮೊಟ್ಟೆ ಅಲುಗಿತು, ಮೊಟ್ಟೆ ಅಲುಗಿದಷ್ಟೂ ಇವಳು ಬಿಗಿ ಹಿಡಿದಳು, ಬಿಗಿ ಹಿಡಿದಷ್ಟೂ ಅದು ಓಡಿತು. ಕೈಬಿಟ್ಟಿದ್ದರೆ ನಿಲ್ಲುತ್ತಿತ್ತು. ಮೊಟ್ಟೆ ಹೊತ್ತ ಸೈಕಲ್ಲನ್ನು ಕೈಬಿಡುವುದು ಅವಳಿಗೆ ಗೊತ್ತೇ ಇರಲಿಲ್ಲ. ಬೀದಿಗೆ ಅಡ್ಡವಾಗಿ ಅದರ ಜೊತೆಗೇ ಓಡಿ, "ನಿಲ್ಲು, ನಿಲ್ಲೇ, ನಿನ್ನ!" ಎಂದು ದನಕ್ಕೆ ಬೈದ ಹಾಗೆ ಬೈಯುತ್ತಾ ಎದುರುಮನೆಯ ಗೋಡೆಗೆ ಹೋಗಿ ಸೇರಿದಳು. ಟ್ಯೂಬಿನ ಪಟ್ಟಿ ಹರಿಯಿತು. ಆಮೇಲಿನ ಸದ್ದನ್ನು ವರ್ಣಿಸುವ ಅಗತ್ಯವಿಲ್ಲ. ಎದುರುಮನೆಯ ಬೆಕ್ಕು ಮಾತ್ರ ಅಂದು ಇಡೀ ದಿನ ಬೀದಿ ಬಿಟ್ಟು ಕದಲಲಿಲ್ಲ.

ಸುದ್ದಿ ಮುಟ್ಟಿ ತಮ್ಮ ಓಡಿಬಂದ. ಅಕ್ಕನಿಗೆ ತರಚು ಗಾಯ ಬಿಟ್ಟು ಬೇರೇನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ ಅವನ ಬಾಯಿ ಬಿಚ್ಚಿತು. "ಬೇಡ ಬೇಡ ಅಂತ ಬಡ್ಕೊಂಡೆ. ಸ್ವಿಚ್ ಆರಿಸು ಅಂತ ಹೇಳಿರ್ಲಿಲ್ವಾ? ಥ್ರಾಟಲ್ ಬೇಕಂತೆ ಥ್ರಾಟಲ್! ಆರಾಮಾಗಿ ಕೂತು ಹೋಗ್ಬೇಕಂತೆ!" ಎನ್ನುತ್ತಾ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಹಿಡಿಯ ತಿರುಪು ಬಿಚ್ಚತೊಡಗಿದ.

"ಬಿಚ್ಚಬೇಡ."

"ಇನ್ನೂ ಹಟಾನಾ ನಿಂದು?"

"ಬಿಚ್ಚಬೇಡ್ವೋ. ನನ್ನ ಮಂಡಿ ಹೋಗಿದೆ."

ಸ್ಪ್ಯಾನರ್ ನಿಂತಿತು. ಅವಳು ಮೆಟ್ಟಿಲ ಮೇಲೆ ಕೂತು, ಹರಿದ ಟ್ಯೂಬಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ ಎಲ್ಲವನ್ನೂ ಹೇಳಿದಳು. ಮೊದಲ ತುಳಿತದ ನೋವು, ಕಾರ್ಖಾನೆಯ ಗೇಟು, ಜಾರಿದ ಸೈಕಲ್, ಬೇಕರಿಯವಳ ಮಾತು. "ಓಡ್ತಾ ಇದ್ರೆ ನಾನೇ ತುಳೀತೀನಿ. ಯಾರ ಸಹಾಯಾನೂ ಬೇಡ. ಹೊರಡೋಕೆ ಮಾತ್ರ ಆಗಲ್ಲ. ಅಷ್ಟಕ್ಕೆ ಬೇಕಾಗಿತ್ತು ನಿನ್ನ ಥ್ರಾಟಲ್." ಹೇಳುತ್ತಾ ಹೇಳುತ್ತಾ ಅವಳಿಗೆ ಅಳು ಬಂತು. ಮೊಟ್ಟೆಗೆ ಅಳು ಬಂದಿರಲಿಲ್ಲ, ಇದಕ್ಕೆ ಬಂತು.

ಗಂಡ ಬಾಗಿಲಲ್ಲಿ ಕತ್ತರಿ ಹಿಡಿದು ನಿಂತಿದ್ದ. "ನನಗೆ ಯಾಕೆ ಹೇಳ್ಲಿಲ್ಲ?" ಎಂದು ಮೆಲ್ಲಗೆ ಕೇಳಿದ. ಇಷ್ಟು ಜೋರು ಬಾಯಿಯ ತಮ್ಮ ತಲೆ ತಗ್ಗಿಸಿಕೊಂಡು, ಥ್ರಾಟಲ್ಲನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು ಹೊರಟುಹೋದ. ಬಿಚ್ಚಬೇಡ ಎಂದು ಇಷ್ಟೆಲ್ಲ ಹೇಳಿದ ಮೇಲೂ ಬಿಚ್ಚಿಕೊಂಡು ಹೋದನಲ್ಲ ಎಂದು ಅವಳಿಗೆ ಸಿಟ್ಟೇ ಬಂತು.

ಮರುದಿನ ಕಾರ್ಖಾನೆಯ ಗೇಟಿನ ಹತ್ತಿರ ಬಾವುಟ ಅಡ್ಡ ಬಂದಾಗ, ಕಾವಲುಗಾರನ ಪಕ್ಕದಲ್ಲಿ ತಮ್ಮ ನಿಂತಿದ್ದ. ಬೆಳಗಿನ ಚಳಿಗೆ ಕೈ ಉಜ್ಜಿಕೊಳ್ಳುತ್ತಿದ್ದ.

"ಇಲ್ಲೇನೋ ಮಾಡ್ತಿದ್ದೀಯ? ಅಂಗಡಿ?"

"ಅಂಗಡಿ ಎಲ್ಲೂ ಓಡಿಹೋಗಲ್ಲ. ನೀನು ಮುಂದೆ ನೋಡು."

ಲಾರಿ ದಾಟಿತು. ತಮ್ಮ ಸೀಟಿನ ಹಿಂದೆ ಕೈಯಿಟ್ಟು ತಳ್ಳಿದ. ಉರುಳತೊಡಗಿದ ಸೈಕಲ್ಲಿನಲ್ಲಿ ಪೆಡಲ್ ಹಗುರವಾಗಿ ಅರ್ಧ ಸುತ್ತು ತಿರುಗಿತು, ಮೋಟರಿಗೆ ಎಚ್ಚರವಾಯಿತು, ಸೈಕಲ್ ಏರಿನ ಮೇಲೆ ಸರ್ರನೆ ಹೋಯಿತು. ಮೊಟ್ಟೆಯಕ್ಕ ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ಗೊತ್ತಾಗಲಿಲ್ಲ. ಇವನಿಗೆ ಸೈಕಲ್ ಕಲಿಸಿದವಳು ಅವಳೇ. ಅಪ್ಪನ ಎತ್ತರದ ಸೈಕಲ್, ಕಾಲು ಎಟುಕದ ತಮ್ಮ, ಸೀಟು ಹಿಡಿದು ಹಿಂದೆ ಓಡುವ ಅಕ್ಕ. "ಅಕ್ಕಾ, ಹಿಡ್ಕೊಂಡಿದ್ದೀಯಾ?" ಎಂದು ಅವನು ಹೆದರಿ ಕೂಗುತ್ತಿದ್ದ. ಅವಳು ಯಾವಾಗಲೋ ಕೈಬಿಟ್ಟು ಬೀದಿಯ ಆ ತುದಿಯಲ್ಲಿ ನಿಂತು, "ಹಿಡ್ಕೊಂಡಿದ್ದೀನೋ!" ಎಂದು ಸುಳ್ಳು ಹೇಳುತ್ತಿದ್ದಳು. ಆ ಸುಳ್ಳಿನ ಮೇಲೆಯೇ ಅವನು ಸೈಕಲ್ ಕಲಿತದ್ದು.

ದಿನವೂ ಹಾಗೇ ನಡೆಯಿತು. ತಮ್ಮ ಗೇಟಿನ ಹತ್ತಿರ ಕಾಯುತ್ತಿದ್ದ, ಬಾವುಟ ಇಳಿದೊಡನೆ ತಳ್ಳುತ್ತಿದ್ದ. ಕಾವಲುಗಾರನೂ ಹುರುಪಿಗೆ ಬಿದ್ದು, "ರೆಡಿ ಅಕ್ಕ? ಬಿಟ್ಟೆ!" ಎಂದು ಬಾವುಟವನ್ನು ಓಟದ ಪಂದ್ಯದ ಹಾಗೆ ಬೀಸಲು ಶುರುಮಾಡಿದ. ಬೇಕರಿಯ ಒಲೆಗೆ ಮೊದಲೇ ಮೊಟ್ಟೆ ತಲುಪತೊಡಗಿತು, ಬೇಕರಿಯವಳ ಮುಖದ ಗಂಟು ಸಡಿಲವಾಯಿತು. ಆದರೆ ತಿಂಗಳು ಮುಗಿಯಲು ಒಂದೇ ದಿನ ಉಳಿದಿದ್ದಾಗ ತಮ್ಮನ ಮಗಳಿಗೆ ಜ್ವರ ಬಂತು. ಅವನು ಗೇಟಿಗೆ ಬರಲಾಗಲಿಲ್ಲ. ಕಾವಲುಗಾರ ಗೇಟು ಬಿಟ್ಟು ಬರುವ ಹಾಗಿರಲಿಲ್ಲ. ಮೊಟ್ಟೆಯಕ್ಕ ಕುಂಟುತ್ತಾ ತಳ್ಳಿಕೊಂಡು ಮೇಲೆ ತಲುಪಿದಾಗ ಒಲೆ ಕಾದು ಕೆಂಪಾಗಿತ್ತು, ಬೇಕರಿಯವಳೂ ಹಾಗೇ ಇದ್ದಳು.

"ನಾಳೆ ಕೊನೇ ದಿನ ಕಣೇ" ಎಂದಳು ಅವಳು. "ವ್ಯಾನಿನವನು ಫೋನ್ ಮಾಡಿದ್ದ. ನಾಳೆ ಹೇಳ್ತೀನಿ ಅಂದಿದ್ದೀನಿ. ಒಂದು ದಿನ ಹೊತ್ತಿಗೆ ಬಂದು ಒಂದು ದಿನ ಬರದೆ ಇದ್ರೆ ನಾನೇನು ಮಾಡ್ಲಿ, ನೀನೇ ಹೇಳು."

ಮೊಟ್ಟೆಯಕ್ಕ ಮನೆಗೆ ಬಂದು, ಗಂಡನ ಅಂಗಡಿಯ ಮೂಲೆಯಲ್ಲಿದ್ದ ಹಳೆಯ ಸ್ಟೂಲನ್ನು ಕಣ್ಣಿಗೆ ಬೀಳದ ಹಾಗೆ ಬಟ್ಟೆಯ ಗಂಟಿನ ಹಿಂದೆ ನೂಕಿದಳು.

ಸಂಜೆ ತಮ್ಮ ಬಂದ. ಮಗಳ ಜ್ವರ ಇಳಿದಿತ್ತು. ಕೈಯಲ್ಲಿ ಸ್ಪ್ಯಾನರ್ ಇತ್ತು, ಕಣ್ಣಲ್ಲಿ ಹೊಳಪಿತ್ತು. ಅಂಗಳಕ್ಕೆ ಕಾಲಿಟ್ಟವನೇ, "ಅಕ್ಕ, ಸೈಕಲ್ ತಳ್ಳು ನೋಡೋಣ" ಎಂದ.

"ಯಾಕೋ?"

"ತಳ್ಳು ಅಂದ್ರೆ ತಳ್ಳು. ಮೊಟ್ಟೆ ಇರೋ ಹಾಗೆ."

ಅವಳು ಬಲಗಡೆ ನಿಂತು ತಳ್ಳಿದಳು. ತಮ್ಮ ಚಪ್ಪಾಳೆ ತಟ್ಟಿದ. "ನೋಡು! ಎಡಗೈ ಎಲ್ಲಿದೆ? ಹಿಂದೆ! ಟ್ರೇ ಇಲ್ಲದಿದ್ರೂ ಹಿಂದೆ! ಇಷ್ಟು ದಿನ ಗೇಟಲ್ಲಿ ನಿಂತು ನೋಡ್ತಿದ್ದೀನಿ. ನಿಂತ್ರೆ ನಿನ್ನ ಎಡಗೈ ಹ್ಯಾಂಡಲ್ ಮೇಲೆ ಇರೋದೇ ಇಲ್ಲ. ಹೊರಡೋಕೆ ರೆಡಿ ಆದಾಗ ಮಾತ್ರ ವಾಪಸ್ ಬರುತ್ತೆ. ನಾನೊಬ್ಬ ಪೆದ್ದ, ಎಲ್ಲರಿಗೂ ಹಾಕೋ ಹಾಗೆ ನಿನಗೂ ಬಲಗಡೆ ಹಾಕ್ದೆ. ಎಡಚಿ ಅಕ್ಕನ ಜೊತೆ ಬೆಳೆದೋನು ನಾನು, ನನಗೆ ಹೊಳೀಲಿಲ್ಲ ನೋಡು!"

ಜೇಬಿನಿಂದ ಪುಟ್ಟದೊಂದು ಲಿವರ್ ತೆಗೆದ, ಇದೂ ಥ್ರಾಟಲ್ಲೇ. ಹೆಬ್ಬೆರಳಿನಿಂದ ಒತ್ತುವಂಥದ್ದು. ಮುಷ್ಟಿ ಎಷ್ಟೇ ಬಿಗಿದರೂ ಅದಕ್ಕೆ ತಾಗುವುದಿಲ್ಲ, ಹೆಬ್ಬೆರಳು ಬೇಕೆಂದೇ ಒತ್ತಬೇಕು. ಅದನ್ನು ಎಡಗಡೆಯ ಹಿಡಿಯ ಪಕ್ಕದಲ್ಲಿ ಕೂರಿಸಿದ. ಸೈಕಲ್ ತಳ್ಳುವಾಗ ಎಡಗೈ ಮೊಟ್ಟೆಯ ಮೇಲೆ, ಆದ್ದರಿಂದ ಗಾಡಿ ತಾನಾಗಿ ಓಡುವ ಮಾತೇ ಇಲ್ಲ. ಸೀಟಿನ ಮೇಲೆ ಕೂತು ಎಡಗೈ ಮುಂದೆ ಬಂದಾಗ ಮಾತ್ರ ಥ್ರಾಟಲ್ ಸಿಗುತ್ತದೆ.

"ಮತ್ತೆ ಬ್ಯಾಟರಿ ಖಾಲಿಯಾಗುತ್ತೆ, ಕಾಲು ತುಳಿಯೋದು ಮರೆಯುತ್ತೆ, ಸೈಕಲ್ಲಿನ ಮರ್ಯಾದೆ ಹೋಗುತ್ತೆ ಅಂತಿದ್ದೆ?" ಎಂದು ಮೊಟ್ಟೆಯಕ್ಕ ಕೆಣಕಿದಳು. ಕೆಣಕದೆ ಬಿಡುವ ಪೈಕಿಯೇ ಅವಳು?

ತಮ್ಮ ತಿರುಪು ಬಿಗಿಯುತ್ತಾ ತಲೆ ಎತ್ತದೆ ಹೇಳಿದ. "ದಾರಿಯುದ್ದ ಒತ್ತಿಕೊಂಡೇ ಹೋದ್ರೆ ಈಗಲೂ ಅದೇ ಹೇಳ್ತೀನಿ. ಆದ್ರೆ ಇಷ್ಟು ದಿನ ಗೇಟಲ್ಲಿ ನಿಂತು ತಳ್ಳಿದೋನು ಯಾರು? ನಾನೇ ತಾನೆ ಥ್ರಾಟಲ್? ನನ್ನನ್ನ ನಾನೇ ಹೇಗೆ ಬೇಡ ಅನ್ನಲಿ?"

ಮರುದಿನ ಬೆಳಗ್ಗೆ ಅಂಗಳದ ಮೆಟ್ಟಿಲು ಇಳಿಯುವಾಗ ಟ್ರೇಗಳು ಟಿಕ್ ಎಂದವು. ಬಲಗೈ ಬಿಗಿಯಿತು. ಸೈಕಲ್ ಸಾಧುಪ್ರಾಣಿಯ ಹಾಗೆ ನಿಂತಿತ್ತು. ಮೊಟ್ಟೆಯಕ್ಕ ಬಾಗಿಲಲ್ಲಿದ್ದ ಗಂಡನ ಕಡೆ ತಿರುಗಿ ಹುಬ್ಬು ಹಾರಿಸಿದಳು. ಸೇತುವೆ ದಾಟಿದಳು, ದಿಬ್ಬಕ್ಕೆ ತಿರುಗಿದಳು, ತುಳಿದಳು, ಹಾಡುವುದಕ್ಕೆ ಬಾರದಿದ್ದರೂ ಏನೋ ಗುನುಗಿದಳು. ಗೇಟಿನ ಹತ್ತಿರ ಬಾವುಟ ಅಡ್ಡ ಬಂತು. ಬೇಡವೆಂದರೂ ಕೇಳದೆ ತಮ್ಮ ಬಂದು ನಿಂತಿದ್ದ. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

ಲಾರಿ ಹೊರಗೆ ಬಂತು. ಅದರ ಹಿಂದೆ ಇನ್ನೊಂದು ಬಂತು. ಮೊಟ್ಟೆ ತುಂಬಿದ ಸೈಕಲ್, ಕಡಿದಾದ ಏರು, ನೆಲಕ್ಕೆ ಊರಿದ ಒಂದು ಕಾಲು. ಮೇಲೆ ಬೇಕರಿಯ ಹೊಗೆಗೂಡು ಹೊಗೆ ಬಿಡತೊಡಗಿತ್ತು.

"ರೆಡಿ ಅಕ್ಕ? ಬಿಟ್ಟೆ!" ಎಂದು ಕಾವಲುಗಾರ ಬಾವುಟ ಬೀಸಿದ.

ಎಡಗೈ ಟ್ರೇ ಬಿಟ್ಟು ಹ್ಯಾಂಡಲ್ಲಿಗೆ ಬಂತು. ಹೆಬ್ಬೆರಳು ಒತ್ತಿತು. ಸೈಕಲ್ ಹೊರಟಿತು! ಹಿಂದೆ ಜಾರಲಿಲ್ಲ, ನೆಗೆಯಲಿಲ್ಲ, ಮೊಟ್ಟೆಗಳು ಸದ್ದು ಮಾಡಲಿಲ್ಲ. ಗಾಡಿ ಓಟ ಹಿಡಿದೊಡನೆ ಅವಳು ಹೆಬ್ಬೆರಳು ತೆಗೆದು ತಾನೇ ತುಳಿಯತೊಡಗಿದಳು. ಮಂಡಿ ಹೂಂ ಎಂದಿತು, ಮೋಟರ್ ಹೂಂ ಎಂದಿತು. ಗಾಳಿ ಸೆರಗನ್ನು ಹಿಂದಕ್ಕೆ ಹಾರಿಸಿತು. ಆ ಸಂಭ್ರಮದಲ್ಲಿ, ತಿರುಗಿ ನೋಡದೆಯೇ, ಗಂಟಲು ಹರಿಯುವ ಹಾಗೆ ಕೂಗಿದಳು.

"ಹಿಡ್ಕೊಂಡಿದ್ದೀಯೇನೋ?"

ಬಲು ಕೆಳಗಿನಿಂದ, ಗೇಟಿನ ಹತ್ತಿರ ನಿಂತಲ್ಲಿಂದಲೇ, ತಮ್ಮನ ದನಿ ಬಂತು.

"ಹಿಡ್ಕೊಂಡಿದ್ದೀನಿ ಅಕ್ಕಾ!"

ಬೇಕರಿಯವಳು ಆಗ ತಾನೇ ಬೋಗುಣಿಗೆ ಹಿಟ್ಟು ಸುರಿಯುತ್ತಿದ್ದಳು. ಒಲೆ ಇನ್ನೂ ಪೂರ್ತಿ ಕಾದಿರಲಿಲ್ಲ. ಬಾಗಿಲಿಗೆ ಬಂದು, ಕೆನ್ನೆ ಕೆಂಪಾಗಿ ನಗುತ್ತಿದ್ದ ಗೆಳತಿಯನ್ನು ನೋಡಿದಳು, ಆಮೇಲೆ ಇಣುಕಿ ಖಾಲಿ ಬೀದಿಯನ್ನು ನೋಡಿದಳು. "ಯಾರ ಜೊತೇನೇ ಕೂಗಾಡ್ಕೊಂಡು ಬಂದೆ?"

"ನನ್ನ ತಮ್ಮ. ಹಿಂದೆ ಹಿಡ್ಕೊಂಡಿದ್ದ."

"ಎಲ್ಲಿ? ಯಾರೂ ಕಾಣಲ್ಲ?"

ಮೊಟ್ಟೆಯಕ್ಕ ಎಡಗಡೆಯ ಹಿಡಿಯ ಪಕ್ಕದ ಲಿವರನ್ನು ಸವರಿದಳು. "ಇದ್ದಾನೆ. ನಾಳೆನೂ ಇರ್ತಾನೆ, ಅವನ ಮಗಳಿಗೆ ಜ್ವರ ಬಂದ್ರೂ ಇರ್ತಾನೆ. ಹೋಗು, ನಿನ್ನ ವ್ಯಾನಿನವನಿಗೆ ಫೋನ್ ಮಾಡು" ಎಂದು ಪಟ್ಟಿ ಬಿಚ್ಚಿ, ಮೊದಲ ಟ್ರೇಯನ್ನು ಇಳಿಸಿ ಅವಳ ಹಿಟ್ಟಿನ ಕೈಗೆ ಕೊಟ್ಟಳು.